ಪ್ರಾಥಮಿಕ ಶಾಲೆಯಲ್ಲಿ ಗಣಿತದ ಮೌಲ್ಯಮಾಪನ

ಒಂದರಿಂದ ಏಳನೇ ತರಗತಿಯವರೆಗಿನ ಮಕ್ಕಳು ಎಣಿಕೆ, ಸ್ಥಾನಬೆಲೆ, ಮೂಲಕ್ರಿಯೆ, ಭಿನ್ನರಾಶಿ, ಅಳತೆ, ಆಕೃತಿಗಳಲ್ಲಿ ಎಷ್ಟು ಕಲಿತಿದ್ದಾರೆ, ಎಲ್ಲಿ ತಡೆದು ನಿಂತಿದ್ದಾರೆ ಎಂದು ತಿಳಿಯುವ ಕೆಲಸವೇ ಗಣಿತದ ಮೌಲ್ಯಮಾಪನ. ಇದನ್ನು ಇಬ್ಬರು ಕೇಳುತ್ತಾರೆ. ನಾಳೆ ಬೆಳಿಗ್ಗೆ ಯಾವ ಮಗುವಿಗೆ ಏನು ಹೇಳಿಕೊಡಬೇಕೆಂದು ಶಿಕ್ಷಕರು ಕೇಳುತ್ತಾರೆ. ಜಿಲ್ಲೆಯಲ್ಲಿ, ರಾಜ್ಯದಲ್ಲಿ ಕಲಿಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಇಲಾಖೆ ಕೇಳುತ್ತದೆ. ಎರಡಕ್ಕೂ ಒಂದೇ ಪರೀಕ್ಷೆ ಸಾಕೆಂದು ಭಾವಿಸಿದಾಗಲೆಲ್ಲ ಎರಡನೆಯವರಿಗೆ ಉತ್ತರ ಸಿಕ್ಕಿದೆ, ಮೊದಲನೆಯವರಿಗೆ ಕೆಲಸ ಹೆಚ್ಚಿದೆ.

ಕರ್ನಾಟಕದಲ್ಲಿ ಈ ಮೌಲ್ಯಮಾಪನ ನಡೆದುಬಂದ ದಾರಿಯನ್ನು ಇಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಹೊನವಾಡದ ಕಡೆಯಿಂದ ನೋಡಲಾಗಿದೆ. ಹೊನವಾಡ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಸುತ್ತಲೂ ಬಿಳಿಜೋಳ, ದ್ರಾಕ್ಷಿ, ಮಣೂಕದ (ಒಣದ್ರಾಕ್ಷಿಯ) ಸೀಮೆ. ಮೌಲ್ಯಮಾಪನದ ಬಹುತೇಕ ಅಂಕಿಗಳು ರಾಜ್ಯ, ಜಿಲ್ಲೆಗಳ ಹೆಸರಿನಲ್ಲಿ ಅಚ್ಚಾಗುತ್ತವೆ. ಒಂದು ಊರಿನ ಒಂದು ತರಗತಿಗೆ ಅವು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ಊರಿನಲ್ಲಿ ನಿಂತೇ ನೋಡಬೇಕಾಗುತ್ತದೆ.

ತಪ್ಪು ಉತ್ತರದ ಒಳಗೆ

52ರಲ್ಲಿ 17 ಕಳೆ ಎಂದರೆ ಮೂರನೆಯ ತರಗತಿಯ ಅನೇಕ ಮಕ್ಕಳು 45 ಎಂದು ಬರೆಯುತ್ತಾರೆ. ಉತ್ತರಪತ್ರಿಕೆಯಲ್ಲಿ ಅದಕ್ಕೆ ಸೊನ್ನೆ. ಆದರೆ ಹಾಳೆ ಪಕ್ಕಕ್ಕಿಟ್ಟು ಹೇಗೆ ಮಾಡಿದೆ ಎಂದು ಕೇಳಿದರೆ ಈ ಭಾಗದ ಮಗು ಹೇಳುವುದು ಹೀಗಿರುತ್ತದೆ: “ಎರಡರಾಗ ಏಳ ಹೋಗಂಗಿಲ್ರಿ ಸರ, ಅದಕ್ಕ ಏಳರಾಗ ಎರಡ ಕಳದೀನ್ರಿ.” ಇದು ಅಡ್ಡಾದಿಡ್ಡಿ ಉತ್ತರವಲ್ಲ, ತಪ್ಪಾದ ಒಂದು ನಿಯಮವನ್ನು ಸರಿಯಾಗಿ ಪಾಲಿಸಿದ ಉತ್ತರ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಮಗು ಒಂದನೆಯ ತರಗತಿಯಲ್ಲಿ ಕಲಿತದ್ದು ಇಲ್ಲಿ ಬಿಡಿಸ್ಥಾನಕ್ಕೆ ಬಂದು ಕೂತಿದೆ. ಅಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಹಚ್ಚಿದರೆ ಇಪ್ಪತ್ತನ್ನೂ ಅದೇ ರೀತಿ ಮಾಡುತ್ತದೆ. ಬೇಕಾಗಿರುವುದು ಒಂದು ದಶಕವನ್ನು ಬಿಚ್ಚಿ ಹತ್ತು ಬಿಡಿ ಮಾಡುವ ಕೆಲಸ, ಅದೂ ಕಡ್ಡಿಗಳ ಕಟ್ಟು ಕೈಯಲ್ಲಿ ಹಿಡಿದು. ಅಮೆರಿಕದಲ್ಲಿ ಬ್ರೌನ್ ಮತ್ತು ಬರ್ಟನ್ 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕಗಳನ್ನು ವಿಶ್ಲೇಷಿಸಿ, ಅನೇಕ ತಪ್ಪುಗಳಿಗೆ ಇಂಥ ಒಳನಿಯಮ ಇರುತ್ತದೆ ಎಂದು ತೋರಿಸಿದರು. ನಮ್ಮ ಹಳೆಯ ಮಾಸ್ತರರಿಗೂ ಇದು ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೆ.

ಇಂಥ ತಪ್ಪುಗಳು ತರಗತಿಗೊಂದೊಂದು ಇವೆ. ಐನೂರಾ ಮೂರನ್ನು 5003 ಎಂದು ಬರೆಯುವ ಮಗು ಕಿವಿಗೆ ಕೇಳಿದ್ದನ್ನು ಹಾಗೆಯೇ ಬರೆದಿದೆ. 856ನ್ನು 8ರಿಂದ ಭಾಗಿಸಿ 17 ಎನ್ನುವ ಮಗುವಿಗೆ ಭಾಗಾಕಾರ ಬರುತ್ತದೆ, ನಡುವಿನ ಸೊನ್ನೆಗೆ ಜಾಗ ಬೇಕೆಂಬುದು ಬರುವುದಿಲ್ಲ. ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿ ಐದರಲ್ಲಿ ಎರಡು ಎನ್ನುವ ಮಗುವಿಗೆ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡು ಬೇರೆ ಬೇರೆ ಸಂಖ್ಯೆಗಳಾಗಿ ಕಾಣುತ್ತಿವೆ. ಮೂವರಿಗೂ ಅಂಕ ಒಂದೇ, ಮದ್ದು ಬೇರೆ ಬೇರೆ.

ಸರಿ ಉತ್ತರವೂ ಮೋಸ ಮಾಡಬಲ್ಲದು. ಏಳಕ್ಕೆ ಎಂಟು ಕೂಡಿಸಿ ಹದಿನೈದು ಎಂದ ಇಬ್ಬರಲ್ಲಿ ಒಬ್ಬಳು ಒಂದರಿಂದ ಬೆರಳೆಣಿಸಿರಬಹುದು, ಇನ್ನೊಬ್ಬಳು ಎಂಟರಿಂದ ಮೂರು ತೆಗೆದು ಏಳಕ್ಕಿಟ್ಟು ಹತ್ತು ಮಾಡಿರಬಹುದು. ಮೊದಲನೆಯವಳಿಗೆ 47ಕ್ಕೆ 38 ಕೂಡಿಸುವಾಗ ಬೆರಳು ಸಾಲುವುದಿಲ್ಲ. ಇದು ಬರೆದ ಪರೀಕ್ಷೆಯಲ್ಲಿ ಸಿಗದು. ಪಕ್ಕದಲ್ಲಿ ಕೂತು ಎರಡು ನಿಮಿಷ ನೋಡಿದವರಿಗೆ ಸಿಗುತ್ತದೆ.

ಬರಹದ ಲೆಕ್ಕಗಳದು ಇನ್ನೊಂದು ತೊಡಕು. ಆಸ್ಟ್ರೇಲಿಯಾದ ಆನ್ ನ್ಯೂಮನ್ 1977ರಲ್ಲಿ ಇವುಗಳ ತಪ್ಪನ್ನು ಐದು ಹಂತಗಳಲ್ಲಿ ಹುಡುಕುವ ಕ್ರಮ ಕೊಟ್ಟರು: ಓದು, ಅರ್ಥ, ಲೆಕ್ಕಕ್ಕೆ ಇಳಿಸುವುದು, ಮಾಡುವುದು, ಉತ್ತರವನ್ನು ಬರೆಯುವುದು. ಒಂದು ಪೆಟ್ಟಿಗೆಗೆ 15 ಕೆ.ಜಿ. ಮಣೂಕ ಹಿಡಿದರೆ 180 ಕೆ.ಜಿ.ಗೆ ಎಷ್ಟು ಪೆಟ್ಟಿಗೆ ಬೇಕು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ವಾಕ್ಯ ಓದಲಾಗದೆ ಸುಮ್ಮನೆ ಕೂತ ಮಗು, 180ನ್ನು 15ರಿಂದ ಗುಣಿಸಿ 2700 ಎಂದ ಮಗು, ಭಾಗಿಸಲು ಹೋಗಿ 102 ಎಂದ ಮಗು, 12 ಕೆ.ಜಿ. ಎಂದು ಬರೆದ ಮಗು ಬೇರೆ ಬೇರೆ ಹಂತದಲ್ಲಿ ನಿಂತಿವೆ. ಮೊದಲನೆಯದಕ್ಕೆ ಬೇಕಾದದ್ದು ಗಣಿತವೇ ಅಲ್ಲ, ಕನ್ನಡ.

ಬಾಯಿಲೆಕ್ಕದಿಂದ ಕಲಿಕಾ ಮಟ್ಟದವರೆಗೆ

1956ರವರೆಗೆ ವಿಜಯಪುರ ಮುಂಬಯಿ ಪ್ರಾಂತದಲ್ಲಿತ್ತು. ಹಿಂದೆ ಇಲ್ಲಿನ ಗಾವಠಿ, ಅಂದರೆ ಊರವರೇ ನಡೆಸುತ್ತಿದ್ದ, ಶಾಲೆಗಳಲ್ಲಿ ಅಂಕಲಿಪಿ, ಮಗ್ಗಿ, ಬಾಯಿಲೆಕ್ಕಗಳೇ ಪಾಠವೂ ಪರೀಕ್ಷೆಯೂ ಆಗಿದ್ದವು. ಮಗ್ಗಿ ಎಂದರೆ ಇಪ್ಪತ್ತರವರೆಗಿನದಷ್ಟೇ ಅಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಇದ್ದವು. ಅಂಗಡಿ ಲೆಕ್ಕಕ್ಕೆ ಅವು ಬೇಕಿದ್ದವು. ಸಂಜೆ ಸಾಲಾಗಿ ನಿಂತು ಒಬ್ಬರು ಹೇಳಿಕೊಡುವುದು, ಉಳಿದವರು ಒಪ್ಪಿಸುವುದು. ತಪ್ಪಿದವನು ಅಲ್ಲೇ ಸಿಕ್ಕಿಬೀಳುತ್ತಿದ್ದ.

ಸರಕಾರ ಇದರೊಳಗೆ ಕಾಲಿಟ್ಟದ್ದು ಹಣದ ಮೂಲಕ. ಇಂಗ್ಲೆಂಡಿನ 1862ರ ಪದ್ಧತಿಯನ್ನು ಅನುಸರಿಸಿ ಮುಂಬಯಿ ಪ್ರಾಂತವು 1860ರ ದಶಕದಲ್ಲಿ ಅನುದಾನಿತ ಶಾಲೆಗಳಿಗೆ ಫಲಿತಾಂಶ ನೋಡಿ ಹಣ ಕೊಡತೊಡಗಿತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಿ ತೇರ್ಗಡೆಯಾದ ಮಕ್ಕಳನ್ನು ಎಣಿಸಿದಷ್ಟು ಅನುದಾನ. ಇನ್‌ಸ್ಪೆಕ್ಟರ್ ಕೇಳುವುದನ್ನಷ್ಟೇ ಶಾಲೆಗಳು ಕಲಿಸಿದವು ಎಂಬ ದೂರು ಬೆಳೆದು, 20ನೇ ಶತಮಾನದ ಆರಂಭದಲ್ಲಿ ಆ ಪದ್ಧತಿ ಹೋಯಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮಾತ್ರ ಬಹುಕಾಲ ಉಳಿಯಿತು. ಮುಲ್ಕಿ ಪಾಸಾದವರಿಗೆ ಮಾಸ್ತರಿಕೆ, ತಲಾಠಿ ಕೆಲಸಗಳ ಬಾಗಿಲು ತೆರೆಯುತ್ತಿದ್ದುದರಿಂದ ಈ ಭಾಗದ ಹಿರಿಯರು ಅದನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಅಂಕಕ್ಕಿಂತ ಸಾಮರ್ಥ್ಯ ಮುಖ್ಯ ಎಂಬ ಮಾತು ಅಧಿಕೃತವಾಗಿ ಬಂದದ್ದು 1991ರಲ್ಲಿ, ಆರ್.ಎಚ್. ದವೆ ಸಮಿತಿಯ ಕನಿಷ್ಠ ಕಲಿಕಾ ಮಟ್ಟಗಳೊಂದಿಗೆ. ಯಾವ ತರಗತಿಯ ಕೊನೆಗೆ ಯಾವ ಲೆಕ್ಕ ಬರಬೇಕೆಂದು ಅದು ಬಿಡಿಬಿಡಿಯಾಗಿ ಪಟ್ಟಿ ಮಾಡಿತು. 2021ರ ಜುಲೈ 5ರಂದು ಆರಂಭವಾದ ಕೇಂದ್ರದ ಯೋಜನೆ ನಿಪುಣ್ ಭಾರತ್‌ನ ಗುರಿಗಳು ಅದರ ಮರಿಮಕ್ಕಳು: ಒಂದನೆಯ ತರಗತಿಗೆ 99ರವರೆಗೆ, ಎರಡಕ್ಕೆ 999, ಮೂರಕ್ಕೆ 9999ರವರೆಗಿನ ಸಂಖ್ಯೆಗಳು, ಗಡುವು 2026-27.

ಏಣಿ ಮತ್ತು ತಟ್ಟೆ

ಮೌಲ್ಯಮಾಪನವನ್ನು ಪಾಠದ ಒಳಗೇ ಹೊಲಿದ ಕರ್ನಾಟಕದ ಪ್ರಯೋಗ ನಲಿಕಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಇದನ್ನು ಕಟ್ಟಿದರು. 2009-10ರಿಂದ ಅದು ರಾಜ್ಯದ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಗಣಿತ ಇಲ್ಲಿ ಅಧ್ಯಾಯಗಳಲ್ಲಿ ಇಲ್ಲ, ಮೈಲಿಗಲ್ಲುಗಳಲ್ಲಿದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲನ್ನು ಗುರುತಿಸಿಕೊಳ್ಳುತ್ತದೆ, ಅದರ ಲೋಗೋ ನೋಡಿ ಕಾರ್ಡು ತೆಗೆದುಕೊಳ್ಳುತ್ತದೆ, ಆ ಕಾರ್ಡು ಹೇಳಿದ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಮಕ್ಕಳು ಕೂರುವ ಗುಂಪು, ಅಂಥವು ಐದು. ಒಂದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ. ಮುಂದಿನವುಗಳಲ್ಲಿ ಅವರ ನೆರವು ಭಾಗಶಃ, ಆಮೇಲೆ ಜೊತೆಯ ಮಕ್ಕಳ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಮೈಲಿಗಲ್ಲಿನ ಕೊನೆಗೆ ಮೌಲ್ಯಮಾಪನದ ಕಾರ್ಡು ಇರುತ್ತದೆ. ಅದು ಬಂದರೆ ಮುಂದಕ್ಕೆ, ಬಾರದಿದ್ದರೆ ಪರಿಹಾರದ ಚಟುವಟಿಕೆಗೆ. ಎಲ್ಲವೂ ‘ಪ್ರಗತಿ ನೋಟ’ದಲ್ಲಿ ದಾಖಲಾಗುತ್ತದೆ.

ಪರೀಕ್ಷೆ ನಡೆದದ್ದು ಮಗುವಿಗೆ ಗೊತ್ತೇ ಆಗದಿರುವುದು ಇದರ ಹೆಚ್ಚುಗಾರಿಕೆ. ದಡ್ಡ, ಜಾಣ ಎಂಬ ಪಟ್ಟ ಕಟ್ಟಲು ಜಾಗವಿಲ್ಲ, ಹದಿನೈದು ದಿನ ಶಾಲೆಗೆ ಬಾರದ ಮಗು ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ತೊಂದರೆ ಇರುವುದು ಕೈಗಳ ಸಂಖ್ಯೆಯಲ್ಲಿ. ಒಂದರಿಂದ ಮೂರರವರೆಗಿನ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರು ಇರುವ ಕಡೆ ಐದೂ ತಟ್ಟೆ ಒಟ್ಟಿಗೆ ನೋಡಿಕೊಳ್ಳುವುದು ಸುಲಭವಲ್ಲ. ಆಗ ಪ್ರಗತಿ ನೋಟ ತಿಂಗಳ ಕೊನೆಗೆ ಒಂದೇ ಕೂತಿಗೆ ತುಂಬುವ ಹಾಳೆಯಾಗುತ್ತದೆ. ನಾಲ್ಕನೆಯ ತರಗತಿಗೆ ಬಂದ ಮಗು ಏಣಿ ಬಿಟ್ಟು ನೇರವಾಗಿ ಪಠ್ಯಪುಸ್ತಕಕ್ಕೆ, ಅಂಕಕ್ಕೆ ಇಳಿಯುತ್ತದೆ ಎಂಬುದೂ ಇದೆ. ಗಣಿತದಲ್ಲಿ ಹಿಂದೆ ಬೀಳುವುದು ಎದ್ದು ಕಾಣುವುದು ಬಹುಮಟ್ಟಿಗೆ ಅಲ್ಲಿಂದಲೇ.

ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಇದರ ಕೈಪಿಡಿಗೆ ‘ಸಾಧನ’ ಎಂದು ಹೆಸರು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ತಲಾ ಶೇ 15. ಎರಡು ಸಂಕಲನಾತ್ಮಕ, ತಲಾ ಶೇ 20. 90ರ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕೂ ಕೆಳಗೆ ಸಿ. ಮಗುವಿನ ಕೆಲಸಗಳು ಕೃತಿ ಸಂಪುಟದಲ್ಲಿ, ಶ್ರೇಣಿಗಳು ಎಸ್‌ಎಟಿಎಸ್ ತಂತ್ರಾಂಶದಲ್ಲಿ ದಾಖಲು. ವರ್ಷದ ಆರಂಭದಲ್ಲಿ ಸೇತುಬಂಧ ಬೇರೆ: ನೈದಾನಿಕ ಪರೀಕ್ಷೆಯಿಂದ ಹಿಂದಿನ ತರಗತಿಯ ಕೊರತೆ ಹುಡುಕಿ, ಪರಿಹಾರ ಬೋಧನೆ ಮಾಡಿ, ಸಾಫಲ್ಯ ಪರೀಕ್ಷೆಯಿಂದ ತುಂಬಿತೇ ಎಂದು ನೋಡುವುದು.

ಕಾಗದದ ಮೇಲೆ ಇದರಲ್ಲಿ ಕುಂದು ಹುಡುಕುವುದು ಕಷ್ಟ. ರೂಪಣಾತ್ಮಕ, ಸಂಕಲನಾತ್ಮಕ ಎಂಬ ಭೇದವನ್ನು 1967ರಲ್ಲಿ ಮಾಡಿದ ಮೈಕೆಲ್ ಸ್ಕ್ರಿವನ್‌ಗೆ ಮೊದಲನೆಯದು ಕೆಲಸ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ನೋಟವಾಗಿತ್ತು. ಅದಕ್ಕೆ ಶೇ 15 ಅಂಕ ಹಚ್ಚಿದ ಕೂಡಲೇ ಅದು ಸಣ್ಣ ಸಂಕಲನಾತ್ಮಕವೇ ಆಯಿತು. ಶಿಕ್ಷಕರ ಕೊಠಡಿಯಲ್ಲಿ ‘ಎಫ್‌ಎ ಒಂದು ಮುಗೀತು, ಎಂಟ್ರಿ ಆಗಿಲ್ಲ’ ಎಂಬ ಮಾತು ಕೇಳುತ್ತದೆ. ಯಾರಿಗೆ ಎರವಲಿನ ಕಳೆಯುವಿಕೆ ಬರಲಿಲ್ಲ ಎಂಬ ಮಾತು ಅಷ್ಟು ಕೇಳುವುದಿಲ್ಲ. ಇದು ಶಿಕ್ಷಕರ ಸೋಮಾರಿತನವಲ್ಲ. ಮೇಲಿನವರು ಬಿ ಪ್ಲಸ್ ಎಷ್ಟು ಎಂದು ಕೇಳುತ್ತಾರೆ, ಆದ್ದರಿಂದ ಕೆಳಗಿನವರು ಬಿ ಪ್ಲಸ್ ಎಣಿಸುತ್ತಾರೆ. 2025-26ರಲ್ಲಿ ಬಂದ ಪಾಠ ಆಧಾರಿತ ಮೌಲ್ಯಾಂಕನ ಪ್ರತಿ ಪಾಠದ ಕೊನೆಗೂ ಪರೀಕ್ಷೆ ಇಟ್ಟಿತು. ದಾಖಲೆಯ ಹೊರೆ ಹೆಚ್ಚಿತೆಂದು ಶಿಕ್ಷಕರು ಆಕ್ಷೇಪ ಎತ್ತಿದರು.

ಇದಕ್ಕೆ ಹೋಲಿಸಿದರೆ ಮಿನ್ನೆಸೋಟಾದ ಸ್ಟ್ಯಾನ್ಲಿ ಡೆನೊ 1970ರ ದಶಕದ ಕೊನೆಯಿಂದ ರೂಪಿಸಿದ ಕ್ರಮ ಬಲು ಸರಳ. ವಾರಕ್ಕೊಮ್ಮೆ ಎರಡು ನಿಮಿಷದ ಒಂದು ಹಾಳೆ, ಪ್ರತಿಸಲವೂ ಅಷ್ಟೇ ಕಠಿಣ. ಸರಿಯಾದ ಅಂಕಿಗಳನ್ನು ಎಣಿಸಿ ಗ್ರಾಫಿನಲ್ಲಿ ಒಂದು ಚುಕ್ಕಿ. ಗೆರೆ ಮೇಲೇರದೆ ಮಲಗಿದರೆ ಪಾಠದ ವಿಧಾನ ಬದಲಿಸಬೇಕು. ಮಗುವಿನ ಹೋಲಿಕೆ ಬೇರೆ ಮಗುವಿನ ಜೊತೆಗಲ್ಲ, ತನ್ನ ಹೋದ ವಾರದ ಜೊತೆಗೆ. ಸಣ್ಣ ಶಾಲೆಗಳಿಗೆ ಇದು ಚೆನ್ನಾಗಿ ಒಗ್ಗೀತು, ಆದರೆ ನಮ್ಮಲ್ಲಿ ಬೇರು ಬಿಟ್ಟಿಲ್ಲ.

ಹೊರಗಿನಿಂದ ಬರುವ ಅಳತೆಗಳು

ಕರ್ನಾಟಕದ ಶಾಲೆಗಳನ್ನು ಹೊರಗಿನವರು ದೊಡ್ಡ ಪ್ರಮಾಣದಲ್ಲಿ ಅಳೆಯತೊಡಗಿದ್ದು 2002ರಲ್ಲಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರಕಾರದೊಡನೆ ಈಶಾನ್ಯ ಕರ್ನಾಟಕದಲ್ಲಿ ಆರಂಭಿಸಿದ ಕಲಿಕಾ ಖಾತರಿ ಕಾರ್ಯಕ್ರಮದಿಂದ. ಶಾಲೆಗಳು ತಾವಾಗಿ ಮುಂದೆ ಬಂದು ಮಕ್ಕಳನ್ನು ಪರೀಕ್ಷೆಗೆ ಒಡ್ಡಬೇಕಿತ್ತು, ಗೆದ್ದ ಶಾಲೆಗೆ ಬಹುಮಾನ. ಆ ಅನುಭವದ ಮೇಲೆ ಸರಕಾರ ತನ್ನದೇ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆಯನ್ನು ಕಟ್ಟಿಕೊಂಡಿತು. ಈಗ ಅಂಥ ಕೆಲಸ 2022ರಲ್ಲಿ ರೂಪುಗೊಂಡ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯದು.

ಹೆಚ್ಚು ಚರ್ಚೆಗೆ ಬರುವುದು ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆ. ಇದು ಶಾಲೆಗೆ ಹೋಗುವುದಿಲ್ಲ, ಮನೆಗೆ ಬರುತ್ತದೆ. ಮಗುವಿಗೆ ಮೊದಲು ದಶಕ ಬಿಚ್ಚಿ ಕಳೆಯುವ ಎರಡು ಲೆಕ್ಕ. ಎರಡೂ ಬಂದರೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಒಂದು ಲೆಕ್ಕ, ಬಾರದಿದ್ದರೆ ಎರಡಂಕಿಯ ಸಂಖ್ಯೆ ಓದುವುದು, ಅದೂ ಬಾರದಿದ್ದರೆ ಒಂದರಿಂದ ಒಂಬತ್ತು. ಐದು ನಿಮಿಷದಲ್ಲಿ ಮುಗಿಯುವ, ಊರಿನ ಯಾರಾದರೂ ಹಿಡಿದು ನೋಡಬಹುದಾದ ಹಾಳೆ. 2024ರ ವರದಿಯಲ್ಲಿ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಭಾಗಾಕಾರ ಮಾಡಿದವರು ಶೇ 30.7. 2018ರಲ್ಲಿ ಅದು ಶೇ 27.9 ಇತ್ತು, ಕೋವಿಡ್ ನಂತರದ 2022ರಲ್ಲಿ ಶೇ 25.6ಕ್ಕೆ ಇಳಿದಿತ್ತು.

ಕೇಂದ್ರದ್ದು ಬೇರೆ ಸರಣಿ. 2021ರ ನವೆಂಬರ್ 12ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಗಣಿತದ ದೇಶದ ಸರಾಸರಿ 500ಕ್ಕೆ ಮೂರನೆಯ ತರಗತಿಯಲ್ಲಿ 306, ಐದರಲ್ಲಿ 284, ಎಂಟರಲ್ಲಿ 255. 2024ರ ಡಿಸೆಂಬರ್ 4ರ ಪರಖ್ ಸಮೀಕ್ಷೆಯಲ್ಲಿ ಮೂರನೆಯ ತರಗತಿಗೆ ಶೇ 60, ಆರಕ್ಕೆ ಶೇ 46, ಒಂಬತ್ತಕ್ಕೆ ಶೇ 37. ಆರನೆಯ ತರಗತಿಯಲ್ಲಿ ಹತ್ತರವರೆಗಿನ ಮಗ್ಗಿ ತಿಳಿದವರು ಶೇ 53. ಎರಡು ಸಮೀಕ್ಷೆಗಳ ಅಳತೆಗೋಲು ಬೇರೆ, ತರಗತಿಗಳು ಬೇರೆ. ಹಾಗಾಗಿ 284ರ ಪಕ್ಕ 46 ಇಟ್ಟು ಏರಿತು, ಇಳಿಯಿತು ಎನ್ನುವಂತಿಲ್ಲ. ತರಗತಿ ಮೇಲೇರಿದಂತೆ ಗಣಿತ ಜಾರುತ್ತದೆ ಎಂಬುದೊಂದು ಮಾತ್ರ ಎರಡರಲ್ಲೂ ಇದೆ. ಹಿಂದಿನ ತರಗತಿಯ ಸ್ಥಾನಬೆಲೆ ಕೂರದಿದ್ದರೆ ಮುಂದಿನದರ ದಶಮಾಂಶ ನಿಲ್ಲುವುದಿಲ್ಲ. 2022ರ ಮಾರ್ಚ್‌ನಲ್ಲಿ ಮೂರನೆಯ ತರಗತಿಯ ಸುಮಾರು 86,000 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ನಡೆಸಿದ ಬುನಾದಿ ಕಲಿಕಾ ಅಧ್ಯಯನದಲ್ಲಿ ಶೇ 11 ಮಕ್ಕಳು ಸಂಖ್ಯಾಜ್ಞಾನದ ತೀರ ಕೆಳ ಹಂತದಲ್ಲಿದ್ದರು, ಶೇ 37 ಮಕ್ಕಳಿಗೆ ಅರ್ಧಂಬರ್ಧ ಬರುತ್ತಿತ್ತು.

ಇವುಗಳಲ್ಲಿ ಹೊನವಾಡ ಎಲ್ಲಿದೆ? ಎಲ್ಲೂ ಇಲ್ಲ. ಅಸರ್ ಒಂದು ಜಿಲ್ಲೆಯಲ್ಲಿ 30 ಹಳ್ಳಿ, ಹಳ್ಳಿಗೆ 20 ಮನೆ ನೋಡುತ್ತದೆ. ಕೇಂದ್ರದ ಸಮೀಕ್ಷೆಗಳೂ ಆಯ್ದ ಶಾಲೆಗಳವು. ಜಿಲ್ಲೆಯ ಮಾತು ಅವಕ್ಕೆ ಗೊತ್ತು, ಊರಿನ ಮಾತು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಊರ ಮಟ್ಟಕ್ಕೆ ಇಳಿದದ್ದು ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ಗ್ರಾಮ ಪಂಚಾಯಿತಿ ಗಣಿತ ಸ್ಪರ್ಧೆ. 2000ದಲ್ಲಿ ಹುಟ್ಟಿದ ಈ ಸಂಸ್ಥೆ ಗಣಿತ ಕಲಿಕಾ ಆಂದೋಲನದ ಮೂಲಕ ನಾಲ್ಕು, ಐದನೇ ತರಗತಿಗಳಿಗೆ ಮಣಿಕಟ್ಟು, ದಶಕದ ಪಟ್ಟಿ, ಭಿನ್ನರಾಶಿಯ ತುಂಡುಗಳಿರುವ ಕಿಟ್ ಕೊಟ್ಟು ಶಿಕ್ಷಕರಿಗೆ ತರಬೇತಿ ನಡೆಸಿತು. ಸ್ಪರ್ಧೆಯಲ್ಲಿ ಪಂಚಾಯಿತಿಯ ಶಾಲೆಗಳ ನಾಲ್ಕರಿಂದ ಆರನೇ ತರಗತಿಯ ಮಕ್ಕಳು ಒಂದೆಡೆ ಕೂತು 20 ಪ್ರಶ್ನೆಗಳ ಹಾಳೆ ಬರೆಯುತ್ತಾರೆ. ಅದೇ ದಿನ ಫಲಿತಾಂಶ, ಊರವರೇ ಕೊಟ್ಟ ಬಹುಮಾನ. ಬಹುಮಾನಕ್ಕಿಂತ ಹೆಚ್ಚಿನದು, ಯಾವ ಪ್ರಶ್ನೆಯನ್ನು ಎಷ್ಟು ಮಕ್ಕಳು ತಪ್ಪಿದರು ಎಂಬ ಪಟ್ಟಿ. ಪಂಚಾಯಿತಿ ಸದಸ್ಯರು ಭಾಗಾಕಾರದ ಬಗ್ಗೆ ಮಾತಾಡುವ ಅವಕಾಶ ಬೇರೆಲ್ಲಿ ಸಿಕ್ಕೀತು?

ಒಂದು ಎಚ್ಚರಿಕೆ ಬೇಕು. ಹದಿನೆಂಟು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಜ್ವರದಿಂದ ಮಲಗಿದರೆ ಶೇಕಡಾವಾರು ಐದಾರು ಅಂಕ ಆಚೀಚೆಯಾಗುತ್ತದೆ. ಸಣ್ಣ ಶಾಲೆಗಳನ್ನು ಶೇಕಡಾದಲ್ಲಿ ಸಾಲು ನಿಲ್ಲಿಸುವುದು ಗಣಿತವನ್ನು ಅಳೆಯಲು ಹೋಗಿ ಗಣಿತವನ್ನೇ ಮರೆತಂತೆ.

ಐದನೇ ತರಗತಿಯ ಪರೀಕ್ಷೆ

ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆಗೆ ದಾರಿ ಬಿಟ್ಟಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ಈ ಎರಡೂ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ನಡೆಸಿತು, ಅದೂ ಹೈಕೋರ್ಟಿನ ಮೆಟ್ಟಿಲೇರಿ ಇಳಿದ ಮೇಲೆ. ಮರುವರ್ಷದ್ದು ಇನ್ನೂ ಗೋಜಲು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು, 11ರಂದು ಪರೀಕ್ಷೆ ಆರಂಭವಾಯಿತು, 12ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು, 22ರಂದು ವಿಭಾಗೀಯ ಪೀಠ ಒಪ್ಪಿತು, ಉಳಿದ ವಿಷಯಗಳು 25ರಿಂದ ನಡೆದವು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಹಾಕಿತು. ಹತ್ತು ವರ್ಷದ ಮಕ್ಕಳು ಇಷ್ಟನ್ನೂ ಪುಸ್ತಕ ಮುಂದಿಟ್ಟುಕೊಂಡು ಕಾದರು. ವರ್ಷದ ಕೊನೆಗೆ ಬರುವ ಫಲಿತಾಂಶದಿಂದ ಪಾಠ ತಿದ್ದಲು ಮಗು ಆ ತರಗತಿಯಲ್ಲೇ ಇರುವುದಿಲ್ಲ ಎಂಬ ಪ್ರಶ್ನೆ ಈ ವಾದಗಳ ನಡುವೆ ಹಿಂದಕ್ಕೆ ಸರಿಯಿತು.

ಸಂತೆ, ಮನೆಮಾತು, ಗಡಿ

ವಿಜಯಪುರದ ಸಂತೆಯಲ್ಲಿ ಅಪ್ಪನ ಜೊತೆ ಕೂತ ಹುಡುಗ ಕಿಲೋಗೆ 35 ರೂಪಾಯಿಯಂತೆ ಎರಡೂವರೆ ಕಿಲೋ ಬದನೆಗೆ ಸರಸರನೆ ಲೆಕ್ಕ ಹೇಳಿ ಚಿಲ್ಲರೆ ಮರಳಿಸುತ್ತಾನೆ. ಅದೇ ಲೆಕ್ಕ ಹಾಳೆಯ ಮೇಲೆ 2.5 × 35 ಎಂದು ಬಂದರೆ ತಡವರಿಸುತ್ತಾನೆ. 1985ರಲ್ಲಿ ಬ್ರೆಜಿಲ್‌ನ ಬೀದಿ ವ್ಯಾಪಾರಿ ಮಕ್ಕಳಲ್ಲಿ ಸಂಶೋಧಕರು ಇದನ್ನು ಕಂಡಿದ್ದರು. ಕೋಲ್ಕತಾ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ನಡೆಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ತೋರಿಸಿತು. ತಿರುಗುಮುರುಗಾದದ್ದೂ ಅದರಲ್ಲಿದೆ: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ನಮ್ಮ ಶಾಲೆಗಳು ನಡೆಸುವ ಮೆಟ್ರಿಕ್ ಮೇಳ, ಮಕ್ಕಳ ಸಂತೆಗಳನ್ನು ಫೋಟೊ ತೆಗೆದು ಮುಗಿಸುವ ಬದಲು ಬಾಯಿಲೆಕ್ಕದ ಮೌಲ್ಯಮಾಪನವಾಗಿ ಬಳಸಿದರೆ ಹಾಳೆ ಹೇಳದ ಎಷ್ಟೋ ಸಂಗತಿ ಸಿಗುತ್ತದೆ.

ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗಡಿಯ ಕೆಲವು ಮನೆಗಳಲ್ಲಿ ಮರಾಠಿ, ವಿಜಯಪುರ ನಗರದಲ್ಲಿ ಉರ್ದು ಮಾಧ್ಯಮದ ಶಾಲೆಗಳೂ ಇವೆ. ಕನ್ನಡದ ನಲವತ್ತಾರರಲ್ಲಿ ದಶಕ ಮುಂದೆ, ಮರಾಠಿ, ಉರ್ದುಗಳಲ್ಲಿ ಬಿಡಿ ಮುಂದೆ. ಹಾಗಾಗಿ 46 ಎಂದು ಹೇಳಿಸಿದಾಗ 64 ಬರೆದ ಮಗುವಿಗೆ ಸ್ಥಾನಬೆಲೆ ಬರುವುದಿಲ್ಲ ಎಂದು ಬರೆದುಕೊಳ್ಳುವ ಮೊದಲು ಮನೆಯಲ್ಲಿ ಹೇಗೆ ಎಣಿಸುತ್ತದೆ ಎಂದು ಕೇಳಬೇಕು. ಗಡಿಯಾಚೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಅಲ್ಲಿನ ಮಗು ಕನ್ನಡದಲ್ಲಿ ಲೆಕ್ಕ ಮಾಡಿದರೂ ಪಠ್ಯಕ್ರಮ, ಪರೀಕ್ಷೆ ಮಹಾರಾಷ್ಟ್ರದವು. ಬೀಗರ ಊರಿಗೆಂದು ಬಂದು ಇತ್ತಲಿನ ಶಾಲೆ ಸೇರಿದರೆ ಅದರ ಹಿಂದಿನ ದಾಖಲೆಯ ಶ್ರೇಣಿ ಇಲ್ಲಿಯದರೊಡನೆ ಹೊಂದುವುದಿಲ್ಲ.

ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಮಕ್ಕಳದು ಎಲ್ಲಕ್ಕಿಂತ ಕಠಿಣ. ಹಂಗಾಮು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಬಾಗಿಲವರೆಗೆ ನಡೆಯುತ್ತದೆ. ಮೂರು ಮತ್ತು ನಾಲ್ಕನೆಯ ರೂಪಣಾತ್ಮಕ ಮೌಲ್ಯಮಾಪನಗಳೂ, ಪಠ್ಯದಲ್ಲಿ ಭಿನ್ನರಾಶಿ, ದಶಮಾಂಶಗಳಂಥ ಬಿಗಿ ಭಾಗಗಳೂ ಬಹುಮಟ್ಟಿಗೆ ಬರುವುದು ಆ ತಿಂಗಳುಗಳಲ್ಲೇ. ಹಂಗಾಮಿ ವಸತಿ ವ್ಯವಸ್ಥೆ ಇರುವಲ್ಲಿ ಮಕ್ಕಳು ಊರಿನಲ್ಲೇ ಉಳಿಯುತ್ತಾರೆ, ಇಲ್ಲದಲ್ಲಿ ಗದ್ದೆಯ ಬದುವಿನಲ್ಲಿ ತಮ್ಮ ತಂಗಿಯರನ್ನು ಆಡಿಸುತ್ತಾರೆ. ಮರಳಿದ ಮೇಲೆ ಅವರು ಕೂರುವ ಮೊದಲ ಪರೀಕ್ಷೆ ಜೂನ್‌ನ ಸೇತುಬಂಧದ್ದು. ಆರು ತಿಂಗಳ ಬಿಡುವನ್ನು ಅದು ಕೆಲವೇ ದಿನಗಳಲ್ಲಿ ಅಳೆದು ತುಂಬಬೇಕು, ಅಷ್ಟರಲ್ಲಿ ಮೊದಲ ರೂಪಣಾತ್ಮಕದ ದಿನಾಂಕ ಬಂದಿರುತ್ತದೆ.